ಧಾನ್ಯಕ್ಕೆ ಬೇಕಾದ ದಾರಿ

ಯಾದಗಿರಿಯಿಂದ ಭೀಮೆಯನ್ನು ದಾಟಿ, ಶಹಾಪುರದ ಮೇಲೆ ಹಾಯ್ದು, ಸುರಪುರಕ್ಕೆ ಹೋಗುವ ಹಾದಿಯಲ್ಲಿ ಇಬ್ಬರು ನಡೆಸಿದ ಸಂವಾದವಿದು. ಅವರಲ್ಲಿ ಒಬ್ಬರು ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ಮತ್ತೊಬ್ಬಳು ಅವರ ಅಣ್ಣನ ಮಗಳು, ಸರಕಾರದ ಆಹಾರ ಇಲಾಖೆಯಲ್ಲಿ ಪಡಿತರದ ಲೆಕ್ಕ ನೋಡುವವಳು. ಮುಂಗಾರು ಹಿಂದೆಗೆದಿದ್ದುದರಿಂದ ಹೊಲಗಳು ಹರಗಿದಂತೆಯೇ ಬಿದ್ದಿದ್ದವು. ಮಾತು ಬರಗಾಲದ ಕಡೆಗೆ ಹೊರಳಿದುದು ಸಹಜವೇ.

ಮಗಳು: ಕಾಕಾ, ಎಷ್ಟು ಓದಿದರೂ ನನಗೆ ಬಗೆಹರಿಯದ ಸಂಗತಿಯೊಂದಿದೆ. ಸುಡಾನ್ ದೇಶದಲ್ಲಿ 2023ರ ಏಪ್ರಿಲ್ ತಿಂಗಳಲ್ಲಿ ಸೈನ್ಯಕ್ಕೂ ಅರೆಸೇನಾಪಡೆಗೂ ಯುದ್ಧ ಹೊತ್ತಿಕೊಂಡಿತು. ಮರುವರ್ಷದ ಆಗಸ್ಟ್ ತಿಂಗಳಲ್ಲಿ ದಾರ್ಫುರ್ ಪ್ರಾಂತದ ಝಮ್‌ಝಮ್ ಎಂಬ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಕಾಲಿಟ್ಟಿದೆಯೆಂದು ವಿಶ್ವಸಂಸ್ಥೆಯ ಬೆಂಬಲವುಳ್ಳ ತಜ್ಞರ ಮಂಡಲಿಯೇ ಸಾರಿತು. ಆ ವರ್ಷ ಜಗತ್ತಿನ ಕಣಜಗಳಲ್ಲಿ ಧಾನ್ಯವಿರಲಿಲ್ಲವೆಂದು ಯಾರೂ ಹೇಳಲಾರರು. ಕೊಡುತ್ತೇವೆಂದು ಮುಂದೆ ಬಂದ ಸರಕಾರಗಳೂ ಇದ್ದವು. ನಮ್ಮಲ್ಲಿ ಗೋದಾಮಿನಿಂದ ನ್ಯಾಯಬೆಲೆ ಅಂಗಡಿಗೆ ಹೋಗುವ ಲಾರಿ ನಾಲ್ಕು ದಿನ ತಡವಾದರೆ ತಹಶೀಲ್ದಾರರಿಂದ ಹಿಡಿದು ಊರಿನ ಮುದುಕಿಯವರೆಗೆ ಎಲ್ಲರೂ ನನ್ನನ್ನು ಕೇಳುವವರೇ. ಅಲ್ಲಿ ಲಾರಿಗಳು ತಿಂಗಳುಗಟ್ಟಲೆ ಗಡಿಯಲ್ಲಿ ನಿಂತರೆ ಕೇಳುವವರು ಯಾರು?

ಕಾಕಾ: ನೀನು ಸುಡಾನಿನ ಹೆಸರನ್ನು ತೆಗೆದುದು ಯುಕ್ತವೇ ಆಯಿತು. ಅವರದೂ ಜೋಳದ ನಾಡು. ಪುರಾತತ್ತ್ವಜ್ಞರು ಹೇಳುವ ಪ್ರಕಾರ ಮನುಷ್ಯನು ಜೋಳವನ್ನು ಮೊದಲು ಬೇಸಾಯಕ್ಕೆ ಒಗ್ಗಿಸಿಕೊಂಡದ್ದು ಆ ದೇಶದ ಪೂರ್ವಭಾಗದಲ್ಲಿ, ಕಾಲಾಂತರದಲ್ಲಿ ಅದು ನಮ್ಮ ಈ ಎರೆಭೂಮಿಗೆ ಬಂದು ನಮ್ಮ ರೊಟ್ಟಿಯಾಯಿತು. ಆದರೆ ನಿನ್ನ ಪ್ರಶ್ನೆಗೆ ಉತ್ತರವನ್ನು ಅರಸಿಕೊಂಡು ನಾವು ಆಫ್ರಿಕದವರೆಗೆ ಹೋಗಬೇಕಾಗಿಲ್ಲ. ಭೀಮೆಗೂ ಕೃಷ್ಣೆಗೂ ನಡುವಣ ಈ ಸೀಮೆ ಬಹಮನಿಗಳಿಗೂ ವಿಜಯನಗರಕ್ಕೂ, ಆದಿಲಶಾಹಿಗೂ ಮೊಗಲರಿಗೂ, ಮರಾಠರಿಗೂ ನಿಜಾಮನಿಗೂ, ಕಡೆಯಲ್ಲಿ ಸುರಪುರದ ನಾಯಕರಿಗೂ ಇಂಗ್ಲಿಷರಿಗೂ ಕಾಳಗದ ಕಣವಾಗಿ, ಮಳೆಯ ಮುನಿಸನ್ನೂ ದಂಡಿನ ತುಳಿತವನ್ನೂ ಒಂದೇ ತಟ್ಟೆಯಲ್ಲಿ ಉಂಡ ಸೀಮೆ. ಔರಂಗಜೇಬನು ಎಂಬತ್ತು ದಾಟಿದ ವಯಸ್ಸಿನಲ್ಲಿ, ತನ್ನ ಬದುಕಿನ ಕಡೆಯ ಮುತ್ತಿಗೆಯನ್ನು 1705ರಲ್ಲಿ ಹಾಕಿದ್ದು ಸುರಪುರದ ಪಕ್ಕದ ವಾಗಣಗೇರಿಗೆ. ಅದರ ಹಿಂದಿನ ಎರಡು ಮೂರು ವರ್ಷಗಳಲ್ಲಿ ದಖ್ಖನಿನಲ್ಲಿ ಕ್ಷಾಮವೂ ಪಿಡುಗೂ ಕೂಡಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಜನರನ್ನು ಕೊಂದವೆಂದು ಇಟಲಿಯ ಮನೂಚಿ ಬರೆದಿಟ್ಟಿದ್ದಾನೆ. ಅವನ ಸಂಖ್ಯೆಯನ್ನು ನಾನು ಅಕ್ಷರಶಃ ನಂಬುವವನಲ್ಲ. ಆದರೆ ಆನೆ, ಒಂಟೆ, ಕುದುರೆ, ಕಾಲಾಳು, ಬಜಾರು ಎಲ್ಲವನ್ನೂ ಎಳೆದುಕೊಂಡು ನಡೆಯುವ ಒಂದು ಊರಿನಂತಹ ಆ ಪಾಳೆಯವು ಬೀಡುಬಿಟ್ಟ ಕಡೆಗಳಲ್ಲಿ ರೈತನ ಮನೆಯೊಳಗೆ ಏನು ಉಳಿದಿದ್ದೀತೆಂಬುದನ್ನು ಊಹಿಸಲು ಸಂಖ್ಯೆ ಬೇಕಾಗುವುದಿಲ್ಲ.

ಮಗಳು: ಅದಕ್ಕಾಗಿಯೇ ಅಲ್ಲವೇ ನಮ್ಮ ಹಿರಿಯರು ಹಗೇವು ತೋಡಿದುದು? ಅಜ್ಜನ ಮನೆಯ ಮುಂದಿನ ಹಗೇವನ್ನು ನಾನೂ ನೋಡಿದ್ದೇನೆ. ಆಗ ಅದು ಬರಿದಾಗಿತ್ತು.

ಕಾಕಾ: ನೆಲದಡಿಯಲ್ಲಿ ಜೋಳವನ್ನು ಕೂಡಿಸಿ, ಸುತ್ತ ಕಣಿಕೆ ಹುಲ್ಲನ್ನು ಒತ್ತಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹುಳುವಿನಿಂದ ಕಾಪಾಡುವುದು ಅದರ ಒಂದು ಉಪಯೋಗ. ದಂಡಿನವರ ಕಣ್ಣಿಗೆ ಬೀಳದಿರುವುದು ಇನ್ನೊಂದು; ಈ ಎರಡನೆಯದನ್ನೇ ನಾವು ಮರೆತಿದ್ದೇವೆ. ಮಳೆಗಾಲವನ್ನು ಮಾತ್ರ ನೆನೆದು ಕಟ್ಟಿದ ಉಗ್ರಾಣವಾಗಿದ್ದರೆ ಅದು ನೆಲದ ಮೇಲೆಯೇ ಇರಬಹುದಿತ್ತು.

ಮಗಳು: ಹಗೇವು ಇದ್ದವರು ಬದುಕಿದರು, ಸರಿ. ಹಗೇವು ತೋಡುವುದಕ್ಕೆ ಕೂಲಿಗೆ ಹೋದವನು ಏನು ಮಾಡಿದ? ಅವನ ಪಾಲಿಗೆ ಸರಕಾರ ಬೇಕು. ಆ ಕಾಲದ ಸರಕಾರಗಳು ದಂಡು ಕಳುಹಿಸುವುದನ್ನು ಬಿಟ್ಟು ಧಾನ್ಯ ಕಳುಹಿಸಿದ ನಿದರ್ಶನ ಒಂದಾದರೂ ಉಂಟೋ?

ಕಾಕಾ: ಉಂಟು, ಅದೂ ನಮ್ಮ ಕಡೆಯದೇ. ಈಗ ಶಹಾಪುರ ಬರುತ್ತಿದೆ, ಅದರ ಬಳಿಯ ಸಗರ ಎಂಬ ಊರು ಬಹಮನಿಗಳ ಕಾಲದಲ್ಲಿ ಹೆಸರಾಂತ ಠಾಣೆ. ಹದಿನಾಲ್ಕನೆಯ ಶತಮಾನದ ಕಡೆಯಲ್ಲಿ ಗುಲ್ಬರ್ಗದಿಂದ ಆಳುತ್ತಿದ್ದ ಎರಡನೆಯ ಮಹಮ್ಮದ್ ಷಹನ ಕಾಲಕ್ಕೆ ಘೋರವಾದ ಬರ ಬಿತ್ತು. ಮರಾಠಿ ಸೀಮೆಯಲ್ಲಿ 1396ರಿಂದ ಹನ್ನೆರಡು ವರ್ಷ ನಡೆಯಿತೆಂದು ಹೇಳುವ ದುರ್ಗಾದೇವಿ ಬರವೂ ಆ ಕಾಲಕ್ಕೇ ಹೊಂದಿಕೊಂಡಿದೆ. ಆ ಸುಲ್ತಾನನು ಅರಮನೆಯ ಸಾಗಣೆಯ ಎತ್ತುಗಳನ್ನೇ ಬಿಡಿಸಿ, ಬರ ಬೀಳದಿದ್ದ ಮಾಳವಕ್ಕೂ ಗುಜರಾತಿಗೂ ಮೇಲಿಂದ ಮೇಲೆ ಓಡಾಡಿಸಿ, ಕಾಳನ್ನು ತರಿಸಿ ಕಡಿಮೆ ಬೆಲೆಗೆ ಮಾರಿಸಿದನೆಂದೂ, ತಬ್ಬಲಿ ಮಕ್ಕಳಿಗಾಗಿ ಗುಲ್ಬರ್ಗ, ಬೀದರ, ದೌಲತಾಬಾದು ಮುಂತಾದ ಊರುಗಳಲ್ಲಿ ಅನ್ನವಿಕ್ಕುವ ಶಾಲೆಗಳನ್ನು ತೆರೆದನೆಂದೂ ಇತಿಹಾಸಕಾರ ಫರಿಷ್ತಾ ದಾಖಲಿಸಿದ್ದಾನೆ. ಮಾಳವ ಗುಜರಾತುಗಳು ಅವನ ರಾಜ್ಯವಲ್ಲವೆಂಬುದನ್ನು ನೆನಪಿನಲ್ಲಿಡು. ಪರರಾಜ್ಯದ ಧಾನ್ಯ ಪರರ ಹಾದಿಯಲ್ಲಿ ಬಂದು ಇಲ್ಲಿಯ ಬಾಯಿಗೆ ಬಿತ್ತು.

ಮಗಳು: ಎಲ್ಲರ ಬಾಯಿಗೂ ಬಿತ್ತೇ? ಕೇಂಬ್ರಿಜಿನ ಇತಿಹಾಸದಲ್ಲಿ ಹೇಗ್ ಎಂಬವರು, ಆ ಅಗ್ಗದ ಧಾನ್ಯವನ್ನು ಮುಸಲ್ಮಾನರಿಗೆ ಮಾತ್ರ ಮಾರಲಾಯಿತೆಂದು ಬರೆದಿರುವುದನ್ನು ನೀವೇ ನನಗೆ ಒಮ್ಮೆ ತೋರಿಸಿದ್ದಿರಿ.

ಕಾಕಾ: ತೋರಿಸಿದ್ದೆ, ಮರೆಮಾಚುವುದಿಲ್ಲ. ಬೇರೆಯವರ ಮತಭೇದವನ್ನು ಎತ್ತಿ ಆಡುವುದರಲ್ಲಿ ಸಾಮ್ರಾಜ್ಯದ ಕಾಲದ ಆಂಗ್ಲ ಲೇಖಕರಿಗೆ ವಿಶೇಷವಾದ ಉತ್ಸಾಹವಿತ್ತೆಂಬುದನ್ನೂ ಸೇರಿಸಿ ಓದಬೇಕು. ಆದರೂ ಆ ಮಾತು ನಿಜವೆಂದೇ ಹಿಡಿಯೋಣ. ಹಾಗಾದರೆ ನೆರವಿನ ಕಥೆ ಆರಂಭವಾದ ಪುಟದಲ್ಲಿಯೇ ಅದರ ಮುಖ್ಯವಾದ ದೋಷವೂ ಕಾಣಿಸಿಕೊಂಡಿತೆಂದಾಯಿತು. ಧಾನ್ಯ ಯಾರಿಗೆಂದು ಬರೆಯುವ ಪಟ್ಟಿ ದೊರೆಯ ಕೈಯಲ್ಲಿರುವವರೆಗೆ, ಆ ದೊರೆಗೆ ಯಾರು ತನ್ನವರು, ಯಾರು ಅಲ್ಲ ಎಂಬ ಪ್ರಶ್ನೆ ಹಸಿವಿನ ಪ್ರಶ್ನೆಗಿಂತ ಮುಂದೆ ಬಂದು ನಿಲ್ಲುತ್ತದೆ. ಮಹಮ್ಮದನು 1397ರಲ್ಲಿ ತೀರಿಕೊಂಡ. ಮರುವರ್ಷವೇ ಬಹಮನಿ ಸುಲ್ತಾನ ಫಿರೋಜ್ ಷಹನಿಗೂ ವಿಜಯನಗರದ ಹರಿಹರನಿಗೂ ಕೃಷ್ಣೆಯ ದಡದಲ್ಲಿ ಯುದ್ಧ ನಡೆಯಿತು. ಬರಗಾಲದಲ್ಲಿ ಧಾನ್ಯಕ್ಕಾಗಿ ಅಲೆದ ಸರಕಾರಿ ಎತ್ತುಗಳು ಮರಳಿ ದಂಡಿನ ಹೇರನ್ನು ಹೊತ್ತಿರಬೇಕು.

ಮಗಳು: ಎತ್ತುಗಳ ಮಾತು ಬಂತು, ನಮ್ಮ ತಾಂಡಾಗಳ ಲಂಬಾಣಿಗರ ವಿಚಾರವನ್ನು ನೀವು ಹೇಳಬೇಕು. ಯಾದಗಿರಿ ಜಿಲ್ಲೆಯಲ್ಲಿ ತಾಂಡಾ ಇಲ್ಲದ ದಿಕ್ಕಿಲ್ಲ. ನನ್ನ ಪಡಿತರದ ಪುಸ್ತಕದಲ್ಲಿ ಅವರಲ್ಲಿ ಎಷ್ಟೋ ಮನೆಗಳ ಬಾಗಿಲು ಆರು ತಿಂಗಳು ಮುಚ್ಚಿರುತ್ತದೆ. ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಗುಳೆ ಹೋಗಿರುತ್ತಾರೆ.

ಕಾಕಾ: ಒಂದು ಕಾಲಕ್ಕೆ ದಖ್ಖನಿನ ಧಾನ್ಯವೆಲ್ಲ ಓಡಾಡುತ್ತಿದ್ದುದು ಆ ಮನೆತನಗಳ ಎತ್ತುಗಳ ಬೆನ್ನಿನ ಮೇಲೆ. ಸಾವಿರಾರು ಎತ್ತುಗಳ ಹಿಂಡು ದಾರಿಯುದ್ದಕ್ಕೂ ಮೇಯುತ್ತ, ದಿನಕ್ಕೆ ಕೆಲವೇ ಹರದಾರಿ ನಡೆಯುತ್ತ, ಉಪ್ಪನ್ನು ಒಳನಾಡಿಗೂ ಕಾಳನ್ನು ಕರಾವಳಿಗೂ ಸಾಗಿಸುತ್ತಿತ್ತು. ಯುದ್ಧ ಬಂದರೆ ಎರಡು ಕಡೆಯ ಸೇನಾಪತಿಗಳೂ ಅವರನ್ನು ಮುಟ್ಟುತ್ತಿರಲಿಲ್ಲ. ಈ ಹೊತ್ತು ಶತ್ರುವಿನ ಪಾಳೆಯಕ್ಕೆ ಕಾಳು ಇಳಿಸಿದ ನಾಯಕನು ನಾಳೆ ತನ್ನ ಪಾಳೆಯಕ್ಕೂ ಬರಬೇಕಾದವನೆಂಬುದು ಇಬ್ಬರಿಗೂ ತಿಳಿದಿತ್ತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಪ್ರೋಟೋಕಾಲು, ಯುದ್ಧದಲ್ಲಿ ನಾಗರಿಕರನ್ನು ಉಪವಾಸ ಕೆಡಹುವುದು ನಿಷಿದ್ಧವೆಂದು ವಿಧಿಸಿತು. 2018ರ ಮೇ ತಿಂಗಳಲ್ಲಿ ಭದ್ರತಾ ಮಂಡಳಿಯು 2417ನೆಯ ನಿರ್ಣಯದ ಮೂಲಕ ಹಸಿವನ್ನು ಆಯುಧವಾಗಿ ಬಳಸುವುದನ್ನು ಖಂಡಿಸಿತು. ಇಷ್ಟು ಕಾಗದಗಳಿಂದ ಸಾಧಿಸಲಾಗದ ನಿರ್ಬಾಧವಾದ ಹಾದಿಯನ್ನು ಯಾವ ಕಾಗದವೂ ಇಲ್ಲದೆ ನಮ್ಮ ಲಂಬಾಣಿಗರು ಪಡೆದಿದ್ದರು.

ಮಗಳು: ಇದನ್ನು ನಾನು ಒಪ್ಪಲಾರೆ, ಕಾಕಾ. ದೂರದಿಂದ ನೋಡಿ ಹಳೆಯದನ್ನು ಹೊಗಳುತ್ತಿದ್ದೀರಿ. ಅವರು ವ್ಯಾಪಾರಿಗಳು, ಹಣ ಕೊಟ್ಟವನಿಗೆ ಕಾಳು ಅಳೆದರು. 1791ರಲ್ಲಿ ಕಾರ್ನ್‌ವಾಲೀಸನು ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣಕ್ಕೆ ಹೊರಟಾಗ ಇಂಗ್ಲಿಷ್ ಪಾಳೆಯಕ್ಕೆ ಧಾನ್ಯವನ್ನು ಹೊತ್ತು ತಂದವರಲ್ಲಿ ಅವರೂ ಇದ್ದರೆಂದು ನೀವೇ ಹೇಳಿದ್ದಿರಿ. ಅದೇ 1791ರಲ್ಲಿ, 92ರಲ್ಲಿ ಈ ಕಡೆ ಏನಾಗುತ್ತಿತ್ತು? ಡೋಗಿ ಬರ! ಹೂಳುವವರಿಲ್ಲದೆ ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದ ಬರ. ಅವೇ ವರ್ಷಗಳು, ಅವೇ ಎತ್ತುಗಳು. ದಂಡು ಉಂಡಿತು, ಊರು ಸತ್ತಿತು. ಹಾದಿ ನಿರ್ಬಾಧವಾಗಿದ್ದರೆ ಸಾಕೆಂದರೆ ಆ ಬುರುಡೆಗಳು ಏಕೆ ಬಿದ್ದವು?

ಕಾಕಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದಕ್ಕೆ ನನ್ನಲ್ಲಿ ಎದುರುತ್ತರವಿಲ್ಲ. ಸಾಗಿಸುವವನನ್ನು ಮುಟ್ಟದೆ ಬಿಡುವ ಮರ್ಯಾದೆ ಒಂದು. ಹಸಿದವನ ಪರವಾಗಿ ಕೊಳ್ಳುವ ಹಣದ ಚೀಲ ಇನ್ನೊಂದು. ಡೋಗಿ ಬರದಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಸರಕಾರವೇ ಕೊಳ್ಳಬೇಕೆಂಬ ನಿನ್ನ ಇಲಾಖೆಯ ಪಕ್ಷವನ್ನು ಇಷ್ಟರಮಟ್ಟಿಗೆ ಒಪ್ಪುತ್ತೇನೆ. ಆದರೆ ಕೊಳ್ಳುವ ಸರಕಾರ ಎಂತಹುದೆಂಬುದನ್ನೂ ನೋಡು. 1871ರಲ್ಲಿ ಮುಂಬಯಿಯ ರೈಲು ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಸಂಧಿಸಿತು; ಆ ಹಳಿ ಹಾಯ್ದಿರುವುದು ನಾವು ಬೆಳಿಗ್ಗೆ ಬಿಟ್ಟುಬಂದ ಯಾದಗಿರಿಯ ಮೇಲೆಯೇ. ಲಂಬಾಣಿಗರ ಎತ್ತು ತಿಂಗಳಲ್ಲಿ ನಡೆಯುವುದನ್ನು ಹಬೆಯ ಯಂತ್ರ ಒಂದು ರಾತ್ರಿಯಲ್ಲಿ ಓಡತೊಡಗಿತು. ಅದಾದ ಐದೇ ವರ್ಷಕ್ಕೆ, 1876ರಿಂದ 78ರವರೆಗಿನ ಮಹಾಕ್ಷಾಮ ಮದ್ರಾಸ್, ಮೈಸೂರು, ಮುಂಬಯಿ, ನಿಜಾಮನ ಸೀಮೆ ಎಲ್ಲವನ್ನೂ ಹೊಕ್ಕಿತು. ಇಂಗ್ಲಿಷರ ಆಡಳಿತದ ಪ್ರಾಂತಗಳಲ್ಲಿಯೇ ಐವತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂಬುದು ಅವರದೇ ಆಯೋಗದ ಲೆಕ್ಕ.

ಮಗಳು: ಆಗ ರೈಲು ಏನು ಮಾಡಿತು?

ಕಾಕಾ: ರೈಲು ಧಾನ್ಯವನ್ನು ತಂದಿತು, ಎಲ್ಲಿ ಬೆಲೆ ಹೆಚ್ಚೋ ಅಲ್ಲಿಗೆ ಒಯ್ದಿತು ಕೂಡ. ಆಗಿನ ವೈಸರಾಯ್ ಲಿಟ್ಟನ್ ಪ್ರಭುವು ವ್ಯಾಪಾರದಲ್ಲಿ ಕೈ ಹಾಕಬಾರದೆಂಬ ಸಿದ್ಧಾಂತವನ್ನು ವೇದವಾಕ್ಯವೆಂದು ಹಿಡಿದಿದ್ದ. ದೇಶ ಹಸಿದಿದ್ದಾಗಲೇ ಗೋಧಿ ಇಂಗ್ಲೆಂಡಿಗೆ ಹಡಗೇರಿತು, 1877ರ ಜನವರಿ 1ರಂದು ದಿಲ್ಲಿಯಲ್ಲಿ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರೂ ನೆರೆಯಿತು. ಆದರೆ ನನ್ನ ಮನಸ್ಸನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕಥೆ. 1873-74ರಲ್ಲಿ ಬಿಹಾರಕ್ಕೆ ಬರ ಬಂದಾಗ ಆತನು ಬರ್ಮಾದಿಂದ ಅಕ್ಕಿಯನ್ನು ತರಿಸಿ ಹಂಚಿಸಿದ. ಹಸಿವಿನಿಂದ ಸತ್ತವರು ಅತ್ಯಲ್ಪ. ಅದಕ್ಕೆ ಅವನಿಗೆ ದೊರೆತದ್ದು ದುಂದುಗಾರನೆಂಬ ಬಿರುದು. ಅಕ್ಕಿ ಮಿಕ್ಕಿತು, ಹಣ ಪೋಲಾಯಿತು, ಜನ ಸೋಮಾರಿಗಳಾದರು ಎಂದು ವಿಲಾಯತಿಯಿಂದ ಮೂದಲಿಕೆ ಬಂತು. ಮೂರು ವರ್ಷದ ಮೇಲೆ ದಕ್ಷಿಣಕ್ಕೆ ಬಂದ ಟೆಂಪಲ್ಲನು ಬೇರೆಯ ಮನುಷ್ಯನೇ. ಬರಗಾಲದ ಕಾಮಗಾರಿಯಲ್ಲಿ ಇಡೀ ದಿನ ಕಲ್ಲೊಡೆಯುವ ಗಂಡಸಿಗೆ ಒಂದು ಪೌಂಡು ಧಾನ್ಯವೂ ಮೇಲೊಂದಿಷ್ಟು ಕಾಸೂ ಸಾಕೆಂದು ವಿಧಿಸಿದ. ಜನರನ್ನು ಉಳಿಸಿದ್ದಕ್ಕೆ ಛೀಮಾರಿ ಹಾಕಿಸಿಕೊಂಡ ಅಧಿಕಾರಿ ಮುಂದಿನ ಸಾರಿ ಖಜಾನೆಯನ್ನು ಉಳಿಸಿ ಹೊಗಳಿಸಿಕೊಂಡ.

ಮಗಳು: ಆ ಭಯ ನನಗೆ ಪರಕೀಯವಲ್ಲ. ಹೆಚ್ಚು ಕೊಟ್ಟೆನೆಂದು ಲೆಕ್ಕತಪಾಸಣೆಯಲ್ಲಿ ಆಕ್ಷೇಪಣೆ ಬರುತ್ತದೆ. ಕೊಡದೆ ಬಿಟ್ಟೆನೆಂದು ಬರುವುದು ಬಹು ಅಪರೂಪ. ಆದರೂ ಆ ಕ್ಷಾಮದಿಂದಲೇ 1880ರ ಆಯೋಗ ಹುಟ್ಟಿತು, 1883ರಲ್ಲಿ ಕ್ಷಾಮಸಂಹಿತೆಯ ಕರಡು ಹೊರಟಿತು. ಯಾವ ಲಕ್ಷಣ ಕಂಡಾಗ ಯಾವ ಅಧಿಕಾರಿ ಏನು ಮಾಡಬೇಕು, ಯಾವಾಗ ಕಾಮಗಾರಿ ತೆರೆಯಬೇಕು, ದುಡಿಯಲಾರದ ಮುದುಕರಿಗೂ ಮಕ್ಕಳಿಗೂ ಯಾವಾಗ ಪುಕ್ಕಟೆ ಊಟವಿಕ್ಕಬೇಕು ಎಂದು ಬರೆದಿಟ್ಟರು. ಇಂದಿನ ಬರ ಘೋಷಣೆ, ಉದ್ಯೋಗ ಖಾತರಿ, ಗಂಜಿ ಕೇಂದ್ರ, ಎಲ್ಲದರ ಬೇರು ಅಲ್ಲಿದೆ. ದಯೆ ಹೋಗಿ ನಿಯಮ ಬಂತು. ಅದು ಸಣ್ಣದೆಂದು ನನಗೆ ತೋರುವುದಿಲ್ಲ.

ಕಾಕಾ: ಸಣ್ಣದಲ್ಲ. ಆದರೆ ನಿಯಮದ ಬುಡದಲ್ಲಿದ್ದ ಹಣದ ಗತಿಯೇನಾಯಿತೆಂದು ಕೇಳು. 1878ರಲ್ಲಿ ಮುಂದಿನ ಬರಗಳಿಗೆಂದು ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳ ನಿಧಿಯನ್ನು ಹೊಸ ತೆರಿಗೆಗಳಿಂದ ಕೂಡಿಸಲು ತೊಡಗಿದರು. ಆ ವರ್ಷವೇ ಕಾಬೂಲಿನ ಮೇಲೆ ದಂಡೆತ್ತಿ ಹೋದರು. ಬರಗಾಲದ ಹೆಸರಿನಲ್ಲಿ ಎತ್ತಿದ ಹಣ ಅಫ್ಘನ್ ಯುದ್ಧದ ಖರ್ಚಿನಲ್ಲಿ ಕರಗಿತೆಂದು ಆಗಿನ ಪತ್ರಿಕೆಗಳು ಬಹಿರಂಗವಾಗಿ ದೂರಿದವು. ನಿಯಮವೂ ಹಾಗೆಯೇ: 1943ರಲ್ಲಿ, ಮಹಾಯುದ್ಧದ ನಡುವೆ, ಬಂಗಾಳದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗ ಕ್ಷಾಮಸಂಹಿತೆ ಕಪಾಟಿನಲ್ಲಿಯೇ ಇತ್ತು, ಅದನ್ನು ಜಾರಿಗೊಳಿಸಲೇ ಇಲ್ಲ. ಜಪಾನೀಯರು ಬಂದರೆ ಸಿಕ್ಕಬಾರದೆಂದು ಬೆಸ್ತರ ದೋಣಿಗಳನ್ನು ಅದಕ್ಕೆ ಮುಂಚೆಯೇ ಕಸಿದುಕೊಂಡಿದ್ದರು. ಹೊಳೆಯ ನಾಡಿನಲ್ಲಿ ದೋಣಿ ಹೋದರೆ ಹಾದಿಯೇ ಹೋದಂತೆ.

ಮಗಳು: ಅದೆಲ್ಲ ಪರರ ಆಳ್ವಿಕೆ. ನಮ್ಮ ಸರಕಾರಗಳಿಗೂ ಇದೇ ತೂಕವೇ?

ಕಾಕಾ: ತೂಕ ಒಂದೇ ಇರಬೇಕು, ಇಲ್ಲದಿದ್ದರೆ ಇತಿಹಾಸ ಓದುವುದೇತಕ್ಕೆ? 1948ರಲ್ಲಿ, ಪೋಲೀಸ್ ಕಾರ್ಯಾಚರಣೆಗೆ ಮುಂಚಿನ ತಿಂಗಳುಗಳಲ್ಲಿ, ಭಾರತ ಸರಕಾರವು ಹೈದರಾಬಾದ್ ಸಂಸ್ಥಾನದ ಮೇಲೆ ಆರ್ಥಿಕ ದಿಗ್ಬಂಧನವನ್ನು ಹೇರಿತ್ತು. ರಜಾಕಾರರ ಹಾವಳಿಯನ್ನು ಅನುಭವಿಸಿದ ನಮ್ಮ ಮನೆತನಗಳವರು ಅದನ್ನು ಇಂದಿಗೂ ನ್ಯಾಯವೆಂದೇ ಹೇಳುತ್ತಾರೆ. ನಾನೂ ಸಂಸ್ಥಾನದ ವಿಮೋಚನೆಯನ್ನು ಹರ್ಷದಿಂದ ನೆನೆಯುವವನೇ. ಆದರೆ ಗಡಿ ಮುಚ್ಚಿದಾಗ ಅದರ ಬಿಗಿತ ಮೊದಲು ತಾಗುವುದು ಅರಮನೆಗಲ್ಲ, ಸಂತೆಯಲ್ಲಿ ಕೂತ ಬಡವಿಗೆ. ಆಮೇಲೆ ಕೊಡುವವರ ಸರದಿ ಬಂದಾಗ ನಾವೇ ಬೇಡುವವರಾದೆವು. ನನ್ನ ಬಾಲ್ಯದಲ್ಲಿ ಶಾಲೆಯಲ್ಲಿ ಹಂಚಿದ ಕೇರ್ ಸಂಸ್ಥೆಯ ಹಾಲಿನ ಪುಡಿ, ಉಪ್ಪಿಟ್ಟು ಎಲ್ಲವೂ ಅಮೆರಿಕದ್ದು, 1954ರ ಪಿ.ಎಲ್. 480 ಎಂಬ ಅವರ ಶಾಸನದಡಿ ಗೋಧಿ ಹಡಗು ಹಡಗಾಗಿ ಬಂದಿತು. ಆ ಉಪ್ಪಿಟ್ಟಿನ ರುಚಿಯನ್ನು ನಾನು ಹಳಿಯಲಾರೆ, ಇಷ್ಟಪಟ್ಟು ತಿಂದವನು. ಆದರೆ ಬಿಹಾರದಲ್ಲಿ ಬರ ಬಿದ್ದಿದ್ದ 1966-67ರ ಸುಮಾರಿಗೆ ಅಧ್ಯಕ್ಷ ಜಾನ್ಸನ್ನರು ಆ ಗೋಧಿಯನ್ನು ತಿಂಗಳಿಂದ ತಿಂಗಳಿಗೆ ಅಳೆದು ಬಿಡುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬುದು ಒಂದು ಕಾರಣ, ವಿಯೆಟ್ನಾಮಿನ ಯುದ್ಧದ ಬಗ್ಗೆ ನಾವು ಆಡಿದ ಮಾತುಗಳು ಇನ್ನೊಂದು.

ಮಗಳು: ಹಾಗೆ ಅಳೆಸಿಕೊಂಡ ದೇಶವೇ ಈಗ ಕೊಡುತ್ತಿದೆ, ಅದನ್ನೂ ಹೇಳಿ. ತಾಲಿಬಾನರು ಕಾಬೂಲನ್ನು ಹಿಡಿದ ಮೇಲೆ ಅಫ್ಘಾನಿಸ್ತಾನಕ್ಕೆ ಭಾರತ 50,000 ಟನ್ ಗೋಧಿಯನ್ನು ಕೊಡುವುದಾಗಿ ಹೇಳಿತು. ಆ ಸರಕಾರವನ್ನು ನಾವು ಮಾನ್ಯಮಾಡಿರಲಿಲ್ಲ. ನಡುವೆ ಇದ್ದ ಪಾಕಿಸ್ತಾನದೊಡನೆ ವ್ಯಾಪಾರವೇ ನಿಂತಿತ್ತು. ಯಾರ ಲಾರಿ, ಯಾವ ಬಾವುಟ ಎಂಬ ಚರ್ಚೆಯಲ್ಲಿಯೇ ತಿಂಗಳುಗಳು ಹೋದವು. ಕಡೆಗೆ 2022ರ ಫೆಬ್ರವರಿ 22ರಂದು 50 ಲಾರಿಗಳಲ್ಲಿ 2,500 ಟನ್ ಗೋಧಿ ಅಟ್ಟಾರಿಯಿಂದ ಹೊರಟಿತು, ಜಲಾಲಾಬಾದಿನಲ್ಲಿ ವಿಶ್ವ ಆಹಾರ ಕಾರ್ಯಕ್ರಮದವರ ಕೈಗೆ ಸೇರಿತು. ಅದಾದ ಮೇಲೆ ಸ್ವಲ್ಪ ಭಾಗ ಇರಾನಿನ ಚಾಬಹಾರ್ ಬಂದರಿನ ಮೇಲೆಯೂ ಹೋಯಿತು. ನಮ್ಮ ಬರಗಾಲದ ತೆರಿಗೆ ಯಾವ ದೇಶದ ಮೇಲಿನ ಯುದ್ಧಕ್ಕೆ ಹೋಗಿತ್ತೋ ಆ ದೇಶಕ್ಕೆ ನಮ್ಮ ಗೋಧಿ ಹೋಯಿತೆಂದರೆ, ಅದೂ ನೀವು ಮೆಚ್ಚಬೇಕಾದ ಇತಿಹಾಸವೇ.

ಕಾಕಾ: ಮೆಚ್ಚುತ್ತೇನೆ, ಅದರಲ್ಲಿಯೂ ವಿಶೇಷವಾಗಿ ಒಂದಂಶವನ್ನು. ಕೊಟ್ಟವರು ತಾವೇ ಹಂಚಲು ಹೋಗಲಿಲ್ಲ, ತಾಲಿಬಾನರ ಕೈಗೂ ಒಪ್ಪಿಸಲಿಲ್ಲ. ಮೂರನೆಯವರ ಕೈಗೆ ಕೊಟ್ಟರು. ಪಾಕಿಸ್ತಾನವೂ ಹಗೆಯನ್ನು ಬದಿಗಿಟ್ಟು ಹಾದಿ ಬಿಟ್ಟಿತು. ಸರಕಾರದ ಹಣ, ಪಕ್ಷವಿಲ್ಲದ ಕೈ, ಹಗೆಯವನೂ ಬಿಟ್ಟುಕೊಡುವ ಹಾದಿ, ಇವು ಕೂಡಿದ ಅಪರೂಪದ ಪ್ರಸಂಗವದು. ಸುಡಾನಿನಲ್ಲಿ ಇವು ಕೂಡುತ್ತಿಲ್ಲ. ಅಗೋ, ಸುರಪುರದ ಗುಡ್ಡಗಳು.

ಮಗಳು: ಟೇಲರ್ ಮಂಜಿಲ್ ಬಂಗಲೆ ಕಾಣುವ ಮೊದಲೇ ನೀವು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನ ಪ್ರಸ್ತಾಪವನ್ನು ಎತ್ತುತ್ತೀರೆಂದು ಕಾದಿದ್ದೆ.

ಕಾಕಾ: (ನಕ್ಕು) ಇಂದು ಅವನನ್ನು ಚಿಕ್ಕದಾಗಿ ಮುಗಿಸುತ್ತೇನೆ. 1841ರಿಂದ 1853ರವರೆಗೆ, ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಅವನು ಈ ಸಂಸ್ಥಾನದ ಕಾರಭಾರವನ್ನು ನೋಡಿದ; ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಪಾಮನಾಯಕನ ಕಾಲದ ಬೋನಾಳದ ಕೆರೆಯನ್ನು ಟೇಲರನು ಸುಧಾರಿಸಿದ. ಇಂದು ಅಲ್ಲಿಗೆ ಹಕ್ಕಿಗಳನ್ನು ನೋಡಲು ಬರುವವರಿಗೆ ಅದು ಬರಗಾಲವನ್ನು ತಡೆಯುವ ಸಾಧನವೆಂಬುದು ತೋಚುವುದೇ ಇಲ್ಲ. ಶಾಂತಿಯ ದಿನಗಳಲ್ಲಿ ತೋಡಿದ ಆ ನೀರಿಗಿಂತ ಅಗ್ಗವಾದ ಪರಿಹಾರ ಕಾಮಗಾರಿಯನ್ನು ನಾನು ಬೇರೆ ಕಾಣೆ. ಆದರೆ 1858ರ ಫೆಬ್ರವರಿಯಲ್ಲಿ ಇಲ್ಲಿ ಇಂಗ್ಲಿಷರ ವಿರುದ್ಧ ಗುಂಡು ಹಾರಿತು. ರಾಜನು ಸಿಕ್ಕಿಬಿದ್ದ, ಸೆರೆಯಲ್ಲಿದ್ದಾಗಲೇ ತೀರಿಕೊಂಡ, 1860ರಲ್ಲಿ ಊರು ನಿಜಾಮನಿಗೆ ಬಹುಮಾನವಾಗಿ ಹೋಯಿತು. ಹದಿನಾರು ವರ್ಷದ ಮೇಲೆ ಮಹಾಕ್ಷಾಮ ಬಂದಾಗ ಈ ಊರನ್ನು ತನ್ನದೆನ್ನುವ ರಾಜನಿರಲಿಲ್ಲ. ದೂರದ ಹೈದರಾಬಾದಿನ ದಫ್ತರದಲ್ಲಿ ಅದು ಹೊಸದಾಗಿ ಸೇರಿದ ಒಂದು ಮೂಲೆ. ಯುದ್ಧ ಮುಗಿದು ಎಷ್ಟೋ ವರ್ಷವಾದರೂ ಅದು ತಂದ ಅನಾಥತೆ ಬರಗಾಲದಲ್ಲಿ ಹೊರಬೀಳುತ್ತದೆ.

ಮಗಳು: ಹಾಗಾದರೆ ಸುಡಾನಿನವರು ಏನು ಮಾಡಬೇಕು? ಸರಕಾರವಿದೆ, ಅದೇ ಕಾದಾಡುತ್ತಿದೆ. ಎದುರು ಪಡೆಯಿದೆ, ಊರುಗಳನ್ನು ಮುತ್ತಿ ಕೂತಿದೆ. ನೆರವು ಕೊಡುವ ದೊಡ್ಡ ಸರಕಾರಗಳಿಗೆ ಅವರವರ ಲೆಕ್ಕಾಚಾರ.

ಕಾಕಾ: ಅಲ್ಲಿಯ ಜನ ಕೈಕಟ್ಟಿ ಕೂತಿಲ್ಲ. ಓಣಿಗಳ ಹುಡುಗ ಹುಡುಗಿಯರು ಸೇರಿ ತುರ್ತು ಸಹಾಯದ ಕೂಟಗಳನ್ನು ಕಟ್ಟಿಕೊಂಡು, ಸಾಮುದಾಯಿಕ ಅಡುಗೆಮನೆಗಳನ್ನು ನಡೆಸಿ, ಪರದೇಶದ ಲಾರಿ ಬಾರದ ಬೀದಿಗಳಲ್ಲಿ ಉಣಬಡಿಸಿದರು. ಯಾರ ಮನೆಯಲ್ಲಿ ಎಷ್ಟು ಬಾಯಿ ಎಂಬ ಪಟ್ಟಿಯನ್ನು ಅವರಿಗೆ ಯಾವ ದಫ್ತರವೂ ಬರೆದುಕೊಡಬೇಕಾಗಿಲ್ಲ. ಅಮೆರಿಕ ಸರಕಾರವು 2025ರ ಆರಂಭದಲ್ಲಿ ವಿದೇಶೀ ನೆರವನ್ನು ಹಠಾತ್ತನೆ ನಿಲ್ಲಿಸಿದಾಗ ಆ ಅಡುಗೆಮನೆಗಳಲ್ಲಿ ನೂರಾರು ಮುಚ್ಚಿದವು. ಒಲೆ ಊರವರದೇ ಆದರೂ ಕಾಳಿನ ಹಣ ಸಮುದ್ರದಾಚೆಯದು.

ಮಗಳು: ನೋಡಿದಿರಾ, ಮತ್ತೆ ಸರಕಾರದ ಹಣಕ್ಕೇ ಬಂದಿರಿ. ನನ್ನ ಕೆಲಸದಿಂದ ಒಂದು ಉದಾಹರಣೆ ಹೇಳುತ್ತೇನೆ. ಮೊದಲು ತಾಂಡಾದವರು ಗುಳೆ ಹೋದರೆ ಅವರ ಪಡಿತರ ಇಲ್ಲಿಯೇ ಉಳಿಯುತ್ತಿತ್ತು, ಅವರು ಅಲ್ಲಿ ಹಸಿಯುತ್ತಿದ್ದರು. ಈಗ ಒಂದು ದೇಶ ಒಂದು ಪಡಿತರ ಚೀಟಿಯ ಏರ್ಪಾಡಿನಿಂದ ಶಹಾಪುರದ ಹೆಣ್ಣುಮಗಳು ಪುಣೆಯ ಅಂಗಡಿಯಲ್ಲಿ ಬೆರಳೊತ್ತಿ ತನ್ನ ಪಾಲನ್ನು ಪಡೆಯಬಹುದು. ಬೆರಳಚ್ಚು ಹೊಂದದೆ, ಯಂತ್ರ ಕೈಕೊಟ್ಟು ಹಿಂತಿರುಗುವವರೂ ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವಳು ನಡೆದ ಕಡೆಗೆ ಅವಳ ಅನ್ನವೂ ನಡೆಯಬೇಕೆಂಬುದನ್ನು ಸರಕಾರ ಒಪ್ಪಿದೆ. ದಾರ್ಫುರಿನ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ ಚಾಡ್ ದೇಶದ ಅದ್ರೆಗೆ ಬಂದರೆ ಅವಳ ಪಾಲು ಯಾವ ಪುಸ್ತಕದಲ್ಲಿದೆ?

ಕಾಕಾ: ಅದ್ರೆಯಲ್ಲಿ ಅವಳನ್ನು ನೋಂದಾಯಿಸಿಕೊಳ್ಳುವವರು ಇದ್ದಾರೆ, ದಾನಿಗಳು ಕೊಟ್ಟಷ್ಟು ದಿನ ಅಳೆದು ಕೊಡುತ್ತಾರೆ. ಗಡಿ ದಾಟದೆ ಉಳಿದವಳದೇ ಕಷ್ಟ. ಅದ್ರೆಯ ದಾಟುದಾರಿಯಿಂದ ದಾರ್ಫುರಿನೊಳಕ್ಕೆ ಲಾರಿಗಳು ಹೋಗುವುದನ್ನು ಸುಡಾನಿನ ಸೇನಾ ಸರಕಾರವು ತಡೆದಿತ್ತು. ಎದುರುಪಡೆಗೆ ಆಯುಧ ಆ ದಾರಿಯಲ್ಲಿಯೇ ಬರುತ್ತದೆಂಬುದು ಅದರ ದೂರು. ಕ್ಷಾಮವನ್ನು ಸಾರಿದ ಆ ಆಗಸ್ಟ್ ತಿಂಗಳಲ್ಲಿಯೇ ಲೋಕದ ಒತ್ತಾಯಕ್ಕೆ ಮಣಿದು ಅದನ್ನು ತೆರೆಯಿತು.

ಮಗಳು: ತೆರೆಯಿತಲ್ಲ, ಅಷ್ಟಾದರೂ ಆಯಿತು.

ಕಾಕಾ: ಮೂರು ತಿಂಗಳಿಗೆ ತೆರೆಯಿತು.

ಮಗಳು: ಮೂರು ತಿಂಗಳಾದ ಮೇಲೆ?

ಕಾಕಾ: ಮತ್ತೆ ಕೇಳಿಕೊಳ್ಳಬೇಕು. ಕೇಳಿಕೊಂಡರು, ನವೆಂಬರಿನಲ್ಲಿ ಮತ್ತೆ ಮೂರು ತಿಂಗಳು ಸಿಕ್ಕಿತು.

ಮಗಳು: ಆ ಕಾಗದಕ್ಕೆ ರುಜು ಹಾಕುವವರು ಯುದ್ಧ ನಡೆಸುತ್ತಿರುವವರೇ ಏನು?

ಕಾಕಾ: ಅವರೇ.